ಪುಟ್ಟೀರವ್ವನ ಉಪ್ಪಿನ ಕೈ

ಒಂದಾನೊಂದು ಕಾಲ ಅಂತ ಇತ್ತಲ್ಲ, ಆ ಕಾಲದಲ್ಲಿ ಒಂದು ಕೆರೆ, ಕೆರೆ ಹಿಂದೆ ಒಂದು ಊರು, ಊರ ಕೊನೇಲಿ ಮೂರು ಒಲೆ ಉರಿಯೋ ಒಂದು ಮನೆ ಇತ್ತಂತೆ. ಹೂಂ ಅನ್ನು ಮಗ, ಹೂಂ ಅಂದರೆ ತಾನೆ ಕತೆ ಮುಂದಕ್ಕೆ ಹೋಗೋದು.

ಆ ಮನೇಲಿ ಪುಟ್ಟೀರವ್ವ ಅಂತ ಒಬ್ಬಳು ಇದ್ದಳಂತೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮೂರು ಜನ ಗಂಡುಮಕ್ಕಳು, ದೊಡ್ಡೋನು ಕೆಂಚ, ನಡುವಿನೋನು ಗೂಳ, ಚಿಕ್ಕೋನು ನಿಂಗ. ಮೂವರೂ ಬಾಗಿಲಿಗೆ ತಲೆ ತಾಗೋ ಹಂಗೆ ಬೆಳೆದಿದ್ದರು, ಆದರೆ ಒಬ್ಬನಿಗೂ ಮದುವೆ ಆಗಿರಲಿಲ್ಲವಂತೆ. ಯಾಕೆ ಅಂತೀಯಾ, ಹೆಣ್ಣು ನೋಡಕ್ಕೆ ಹೋದ ಕಡೆಯೆಲ್ಲ ಊಟಕ್ಕೆ ಕೂರೋರು, ಒಂದು ತುತ್ತು ಬಾಯಿಗೆ ಇಡೋರು, ಒಬ್ಬರ ಮುಖ ಒಬ್ಬರು ನೋಡೋರು, ನಮ್ಮವ್ವನ ಸಾರಿನ ಹಂಗಿಲ್ಲ ಅಂತ ಎದ್ದು ಬರೋರು. ಹೆಣ್ಣಿನ ಮುಖ ಹೆಂಗಿತ್ತು ಅಂತ ಕೇಳಿದರೆ ಒಬ್ಬನಿಗೂ ನೆನಪಿರುತ್ತಿರಲಿಲ್ಲ.

ಆ ಮನೇಲಿ ಮೂರು ಒಲೆ ಯಾಕೆ ಉರೀತಿತ್ತು ಅಂದರೆ, ಮೂರು ನಾಲಿಗೆ ಮೂರು ದಾರಿ ಹಿಡಿದಿತ್ತು. ಕೆಂಚನಿಗೆ ಮುದ್ದೆ ಆಗಬೇಕು, ಅದಕ್ಕೆ ಎಣ್ಣೆ ಮೇಲೆ ತೇಲೋ ಟಮಾಟೆ ಗೊಜ್ಜು. ಗೂಳನಿಗೆ ಅನ್ನ ಆಗಬೇಕು, ಅದಕ್ಕೆ ಬೇಳೆಕಟ್ಟು ಬಿಟ್ಟು ಕುದಿಸಿದ ಟಮಾಟೆ ತಿಳಿಸಾರು. ನಿಂಗ ಕುರಿಯೋರ ಹಿಂದೆ, ಗಾಡಿಯೋರ ಹಿಂದೆ ಊರೂರು ತಿರುಗೋನು, ಚಪ್ಪಲಿ ಸವೆದಾಗ ಮನೆಗೆ ಬರೋನು, ಬಂದರೆ ಅವನಿಗೆ ರೊಟ್ಟಿ, ರೊಟ್ಟಿಗೆ ಟಮಾಟೆ ಚಟ್ನಿ. ಆ ಕಾಲದಲ್ಲಿ ಟಮಾಟೆ ಇತ್ತಾ ಅಂತ ಕೇಳಬೇಡ. ಊರಲ್ಲಿ ಇತ್ತೋ ಇಲ್ಲವೋ, ಕತೇಲಿ ಇತ್ತು.

ಇತ್ತು ಅಂದರೆ ಎಷ್ಟು ಇತ್ತು ಅಂತೀಯಾ. ಚಳಿ ಹಿಂದಾಗಿ ಬಿಸಿಲು ಬೆನ್ನಿಗೆ ಹಿತವಾಗೋ ಹೊತ್ತಿಗೆ ಹಿತ್ತಲೆಲ್ಲ ಕೆಂಪಾಗಿಬಿಡೋದು. ಇವತ್ತು ಕಿತ್ತರೆ ನಾಳೆಗೆ ಮತ್ತಷ್ಟು. ಇಡೋಣ ಅಂದರೆ ಉಳಿಯೋ ಹಣ್ಣಲ್ಲ, ಎರಡು ದಿನಕ್ಕೆ ತೊಟ್ಟಿನ ಹತ್ತಿರ ಬಿರಿದು ನೀರು ಬಿಡೋದು. ಪಕ್ಕದ ಮನೆಗೆ ಕೊಡೋಣ ಅಂದರೆ ಅವರ ಹಿತ್ತಲಲ್ಲೂ ಅದೇ ಪಾಡು, ಅವರೇ ಕತ್ತಲಾಗೋದನ್ನ ಕಾದು ಒಂದು ಮಂಕರಿ ತಂದು ಪುಟ್ಟೀರವ್ವನ ಜಗಲಿ ಮೇಲೆ ಇಟ್ಟು ಕೆಮ್ಮದೆ ಹೋಗಿಬಿಡೋರಂತೆ. ಹಣ್ಣನ್ನ ಕೊಳೆಸೋದು ಉಂಟಾ ಅಂತ ಅವಳು ಬೇಯಿಸೋಳು, ಬೇಯಿಸೋಳು, ಬೇಯಿಸೋಳು. ಬೆರಳ ಸಂದಿಯೆಲ್ಲ ಹುಳಿಗೆ ಉರೀತಿತ್ತಂತೆ. ಸೆರಗಿನ ತುದೀಲಿ ಬೀಜ ಒಣಗಿ ಅಂಟಿಕೊಂಡಿರೋದಂತೆ.

ಅಷ್ಟೇ ಆಗಿದ್ದರೂ ಹೆಂಗೋ ಆಗೋದು. ಆ ಊರಲ್ಲಿ ಇನ್ನೊಂದು ಪದ್ಧತಿ ಇತ್ತಂತೆ. ಒಂದು ಮನೆಗೆ ಒಂದೇ ಉಪ್ಪಿನ ಕೈ. ಕಾಯಿ ಯಾರಾದರೂ ಹೆಚ್ಚಲಿ, ಸೌದೆ ಯಾರಾದರೂ ಒಟ್ಟಲಿ, ಪಾತ್ರೆಗೆ ಉಪ್ಪು ಹಾಕೋದು ಮಾತ್ರ ಮನೆಯೊಡತಿ. ರುಚಿ ನೋಡೋ ಹಂಗಿಲ್ಲ, ತಟ್ಟೆಗೆ ಬಡಿಸೋ ತನಕ ಒಂದು ತೊಟ್ಟು ನಾಲಿಗೆಗೆ ಬಿದ್ದರೂ ಪಾತ್ರೆ ಎಂಜಲು. ಕೈಯಳತೇಲೇ ಹಾಕಬೇಕು. ಎಂಜಲು ಕೈಯಲ್ಲಿ ಉಪ್ಪಿನ ಮಡಕೆ ಮುಟ್ಟೋ ಹಂಗೂ ಇಲ್ಲ. ಪುಟ್ಟೀರವ್ವನ ಕೈಯಳತೆ ಎಂಥದ್ದು ಅಂದರೆ, ಕಣ್ಣು ಮುಚ್ಚಿ ಹಾಕಿದರೂ ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಲ್ಲು ಕಮ್ಮಿಯಿಲ್ಲ. ಅದೇ ಅವಳಿಗೆ ಮುಳುವಾಗಿತ್ತು. ಬಾವಿಕಟ್ಟೇಲಿ ಇದ್ದರೂ ಅವ್ವಾ ಉಪ್ಪು, ಗದ್ದೇಲಿ ಇದ್ದರೂ ಅವ್ವಾ ಉಪ್ಪು. ಒಂದು ಸಲ ಜ್ವರ ಬಂದು ಮಲಗಿದ್ದಾಗ ಕುದಿಯೋ ಪಾತ್ರೇನ ಹಾಸಿಗೆ ಹತ್ತಿರಕ್ಕೇ ಹೊತ್ತು ತಂದು ಕೈ ನೀಡಿಸಿದ್ದರಂತೆ. ಮೂರು ಒಲೆ, ಮೂರು ಪಾತ್ರೆ, ಮೂರು ಸಲ ಉಪ್ಪು, ಆಮೇಲೆ ಬಡಿಸೋದು, ಆಮೇಲೆ ಉಜ್ಜೋದು, ಆಮೇಲೆ ಪಾತ್ರೆ ತಳದಲ್ಲಿ ತಣ್ಣಗೆ ಅಂಟಿಕೊಂಡಿರೋದನ್ನ ನಿಂತುಕೊಂಡು ಉಣ್ಣೋದು. ಬಿಸಿ ಅನ್ನ ಬಾಯಲ್ಲಿ ಹೆಂಗಿರ್ತದೆ ಅನ್ನೋದೇ ಅವಳಿಗೆ ಮರೆತುಹೋಗಿತ್ತಂತೆ.

ಈಗ ನಿದ್ದವ್ವನ ವಿಷಯ ಕೇಳು. ನಿದ್ದವ್ವ ಅಂದರೆ ಒಬ್ಬಳು ಮುದುಕಿ, ಹೆಗಲ ಮೇಲೆ ಕರೀ ಕಂಬಳಿ, ಬರಿಗಾಲು. ದೀಪ ಹಚ್ಚಿದ ಮೇಲೆ ಮನೆಮನೆಗೆ ಹೋಗಿ, ಉಂಡು ಕೈ ತೊಳೆದೋರ ಮೇಲೆ ಕಂಬಳಿ ಅಂಚು ಎಳೆದು ಹೋಗೋಳು. ಪುಟ್ಟೀರವ್ವನ ಮನೆ ಅವಳಿಗೆ ಕೊನೇ ಮನೆ. ಬಂದು ಜಗಲಿ ಮೇಲೆ ಕೂರೋಳು. ಆಯ್ತೇನವ್ವ ಅನ್ನೋಳು. ಇರವ್ವ, ಒಂದು ಪಾತ್ರೆ ಐತೆ ಅನ್ನೋಳು ಇವಳು ಒಳಗಿಂದ. ಇನ್ನೊಂದಿಷ್ಟು ಹೊತ್ತು ಬಿಟ್ಟು ಆಯ್ತೇನವ್ವ ಅನ್ನೋಳು. ಇರವ್ವ, ನಾಳೆಗೆ ಹಣ್ಣು ಆರಿಸಿಟ್ಟು ಬರ್ತೀನಿ. ಮೂರನೇ ಸಲ ಕೂಗೋ ಹೊತ್ತಿಗೆ ಕೋಳಿ ಕೂಗಕ್ಕಾಗಿರೋದು, ನಿದ್ದವ್ವ ಕಂಬಳಿ ಕೊಡವಿ ಒಂದು ಚೂರು ಅಂಚು ತೋರಿಸಿ ಹೊರಟುಹೋಗೋಳು. ಆ ಚೂರಲ್ಲೇ ಪುಟ್ಟೀರವ್ವ ಕಣ್ಣು ಮುಚ್ಚಿ ಕಣ್ಣು ತೆರೆಯೋಳು.

ಹಿಂಗೇ ನಡೀತಾ ಒಂದು ದಿನ ನಿದ್ದವ್ವನಿಗೆ ಮುನಿಸು ಬಂತಂತೆ. ಬಾಗಿಲ ಚೌಕಟ್ಟು ಹಿಡಿದು ನಿಂತು ಅಂದಳಂತೆ, ಪುಟ್ಟೀರಿ, ನಾನೂ ಹೆಣ್ಣೇ ಕಣವ್ವ, ಊರೆಲ್ಲ ತಿರುಗಿ ನನ್ನ ಕಾಲೂ ಸೋತದೆ. ನಿನ್ನ ಬಾಗಿಲು ಕಾಯಕ್ಕೆ ನನ್ನ ಕೈಲಾಗಲ್ಲ. ಇನ್ನು ನಾನು ಈ ಮನೆಗೆ ಬರೋದಿಲ್ಲ. ಬರಬೇಕು ಅಂದರೆ ಮೂರು ಮಾತು. ನಿನ್ನ ಮನೇಲಿ ಇನ್ನೊಂದು ಕೈ ಉಪ್ಪು ಹಾಕಬೇಕು. ಆ ಪಾತ್ರೆಗೆ ನಿನ್ನ ಕೈ ಬೀಳಬಾರದು. ಅದನ್ನ ನೀನು ಎಲ್ಲರಿಗಿಂತ ಮೊದಲು, ಬಿಸಿ ಇರೋವಾಗಲೇ ಕೂತು ಉಣ್ಣಬೇಕು. ಅವತ್ತು ಬರ್ತೀನಿ. ಹಂಗಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದವಳು ಹೋದಳೇ.

ಮೊದಮೊದಲು ಪುಟ್ಟೀರವ್ವನಿಗೆ ದೊಡ್ಡದು ಅನ್ನಿಸಲಿಲ್ಲವಂತೆ, ಮಲಗೋ ಹೊತ್ತು ಉಳೀತು ಅಂದುಕೊಂಡಳಂತೆ. ಆಮೇಲೆ ಕಣ್ಣೊಳಗೆ ಮರಳು ಹಾಕಿದ ಹಂಗಾಯ್ತು. ಆಮೇಲೆ ಕಾಲು ನೆಲದ ಮೇಲಿದೆಯೋ ನೀರ ಮೇಲಿದೆಯೋ ತಿಳೀದಂಗಾಯ್ತು. ನೀರಿನ ಕೊಡಕ್ಕೆ ಸೌದೆ ಇಟ್ಟಳು, ಒಲೆಗೆ ನೀರು ಹೊಯ್ದಳು, ಎಮ್ಮೆ ಮುಂದೆ ರೊಟ್ಟಿ ಇಟ್ಟು ನಿಂಗನ ಮುಂದೆ ಹುಲ್ಲು ಹಾಕಿದಳು. ಮಲಗಿದರೆ ಸೂರಿನ ಗಳು ಎಣಿಸಬೇಕು, ಎದ್ದರೆ ತೂಕಡಿಸಬೇಕು. ಸಾಯೋದಾದರೂ ಮಲಗಿಕೊಂಡು ಸಾಯ್ತಾರೆ, ನಂಗೆ ಅದೂ ಇಲ್ಲ ಅಂತ ಒಲೆ ಮುಂದೆ ಒಬ್ಬಳೇ ಅಂದುಕೊಂಡಳಂತೆ. ಮಕ್ಕಳ ಹತ್ತಿರ ಹೇಳಿದರೆ ಗೂಳ ಏನಂದ ಗೊತ್ತಾ, ನಿದ್ದೆ ಬರದಿದ್ದರೆ ಒಳ್ಳೇದಲ್ವೇನವ್ವ, ಹಿತ್ತಲಲ್ಲಿ ಇನ್ನೆರಡು ಮಂಕರಿ ಹಣ್ಣು ಹಂಗೇ ಐತೆ.

ಆದರೆ ನಿದ್ದೆಗೆಟ್ಟ ಕೈಗೆ ಅಳತೆ ಎಲ್ಲಿಂದ ಬರಬೇಕು. ಒಂದು ದಿನ ಗೊಜ್ಜಿಗೆ ಎರಡು ಸಲ ಉಪ್ಪು ಬಿತ್ತು, ಸಾರಿಗೆ ಬೀಳಲೇ ಇಲ್ಲ. ಕೆಂಚ ಗೊಜ್ಜು ಬಾಯಿಗಿಟ್ಟು ಒಂದು ಚೊಂಬು ನೀರು ಕುಡಿದ. ಗೂಳ ಸಾರು ಹೀರಿ ಇದು ಕೆರೆ ನೀರಾ ಅಂದ. ಆಗ ಮೂವರಿಗೂ ಅವ್ವನ ಮುಖ ನೋಡೋ ಹಂಗಾಯ್ತು. ನೋಡಿದರೆ ಏನದೆ, ಕಣ್ಣು ಎರಡು ಕೆಂಡ, ಕೆನ್ನೆ ಎರಡು ಹಳ್ಳ. ಆಮೇಲೆ ಕೂತು ಕೇಳಿದರು. ಅವಳು ನಿದ್ದವ್ವನ ಮೂರು ಮಾತನ್ನೂ ಹೇಳಿದಳು.

ಇಷ್ಟೇನಾ, ನಾಳೆ ನಾನು ಬೇಯಿಸ್ತೀನಿ, ನೀನು ಜಗಲಿ ಮೇಲೆ ಕೂತಿರು ಅಂದ ಕೆಂಚ. ನೀನು ಒಲೆ ಹಚ್ಚೋದು ಯಾವ ಕಡೆಯಿಂದ ಅಂತ ಗೊತ್ತಾ ಅಂತ ಗೂಳ ಕೆಣಕಿದ.

ಮಾರನೇ ದಿನ ಕೆಂಚ ಗೊಜ್ಜು ಮಾಡಿದ. ಸುಮ್ಮನೆ ಹೇಳಬಾರದು, ಚೆನ್ನಾಗೇ ಮಾಡಿದ. ಸಾಸಿವೆ ಸಿಡಿಸಿದ, ಕರಿಬೇವು ಹಾಕಿದ, ಈರುಳ್ಳಿ ಕೆಂಪಗೆ ಬಾಡಿಸಿದ, ಆಮೇಲೆ ಹೆಚ್ಚಿದ ಟಮಾಟೆ ಸುರಿದ, ಖಾರದ ಪುಡಿ ಹಾಕಿದ, ಅದು ಕೊತಕೊತ ಅಂತ ಬೆಂದು ಸುತ್ತ ಎಣ್ಣೆ ಬಿಡೋ ತನಕ ಪಕ್ಕದಲ್ಲೇ ಕೂತ. ಹೊರಗೆ ಜಗಲಿ ಮೇಲೆ ಪುಟ್ಟೀರವ್ವನಿಗೆ ಬಾಯಲ್ಲಿ ನೀರು ಬಂತು, ದಾರೀಲಿ ದೂರದಲ್ಲಿ ಕರೀ ಕಂಬಳಿಯೂ ಕಂಡಂತಾಯ್ತು. ಇನ್ನೇನು ಇಳಿಸಬೇಕು, ಕೆಂಚ ಸೌಟು ಹಿಡಿದು, ಹುಟ್ಟಿದಾಗಿಂದ ಕೂಗಿದ ಹಂಗೇ, ಅವ್ವಾ ಉಪ್ಪು ಅಂತ ಕೂಗಿದ. ಅವಳೂ, ಮದುವೆಯಾಗಿ ಬಂದಾಗಿಂದ ಎದ್ದ ಹಂಗೇ, ಬಂದೆ ಅಂತ ಎದ್ದಳು, ಒಳಗೆ ಹೋದಳು, ಮಡಕೆಗೆ ಕೈ ಹಾಕಿದಳು, ಗೊಜ್ಜಿಗೆ ಉದುರಿಸಿದಳು. ಉದುರಿಸಿದ ಮೇಲೆ ತಾಯಿ ಮಗ ಒಬ್ಬರನ್ನೊಬ್ಬರು ನೋಡಿದರು. ಹೊರಗೆ ಯಾರೋ ಕೆಮ್ಮಿ, ಕಾಲೆಳೆದುಕೊಂಡು ವಾಪಸು ಹೋದ ಸದ್ದಾಯ್ತಂತೆ. ಅವತ್ತೂ ನಿದ್ದೆಯಿಲ್ಲ.

ಮಾರನೇ ದಿನ ಗೂಳ ಒಲೆ ಮುಂದೆ ಕೂತ. ಇವನು ಕೆಂಚನ ಹಂಗಲ್ಲ, ಬುದ್ಧಿವಂತ. ಉಪ್ಪು ನಾನೇ ಹಾಕ್ತೀನಿ, ಯಾರನ್ನೂ ಕೂಗಲ್ಲ ಅಂತ ಉಪ್ಪಿನ ಮಡಕೆ ತೊಡೆ ಮೇಲಿಟ್ಟುಕೊಂಡೇ ಸಾರು ಶುರುಮಾಡಿದ. ಆದರೆ ಹೊಸ ಹಣ್ಣಿನ ಕಾಲದಲ್ಲಿ ಪುಟ್ಟೀರವ್ವ ಸಾರಿಗೆ ಹುಣಸೆಹಣ್ಣು ಮುಟ್ಟುತ್ತಿರಲಿಲ್ಲ, ಟಮಾಟೆ ಹುಳಿಯೇ ಸಾಕು. ಉಣ್ಣಕ್ಕೆ ಮಾತ್ರ ಗೊತ್ತಿದ್ದ ಗೂಳನಿಗೆ ಅದು ಹೆಂಗೆ ತಿಳೀಬೇಕು. ಸಾರು ಅಂದಮೇಲೆ ಹುಣಸೆ ಅಂತ ಒಂದು ಹಿಡಿ ಕಿವುಚಿ ಬಿಟ್ಟ. ಹಬೆ ಮೂಗಿಗೆ ಹೊಡೆದಾಗಲೇ ಹುಳಿ ಹೆಚ್ಚಾಯ್ತು ಅಂತ ತಿಳೀತು. ಹುಳಿ ಇಳಿಸಕ್ಕೆ ನೀರು ಹೊಯ್ದ. ನೀರಾಯ್ತು ಅಂತ ಬೇಳೆಕಟ್ಟು ಹಾಕಿದ. ಕಟ್ಟು ಬಿತ್ತು ಅಂತ ಉಪ್ಪು ಹಾಕಿದ, ಉಪ್ಪಾಯ್ತೇನೋ ಅಂತ ಮತ್ತೆ ಟಮಾಟೆ ಕಿವುಚಿದ. ಪಾತ್ರೆ ತುಂಬಿತು, ಇನ್ನೊಂದು ದೊಡ್ಡ ಪಾತ್ರೆಗೆ ಸುರಿದ, ಅದೂ ತುಂಬಿತು, ನೀರು ಕಾಯಿಸೋ ಹಂಡೆಗೆ ಸುರಿದ. ಗೂಳ, ಊರಿಗೆಲ್ಲ ಡಂಗುರ ಹೊಡೆಸಲೇನೋ ಅಂದ ಕೆಂಚ ಬಾಗಿಲಲ್ಲಿ ನಿಂತು. ನೀನು ಸುಮ್ನಿರಣ್ಣ, ನಿನ್ನೆ ನಿನ್ನ ಶೂರತನ ನೋಡಿದೀನಿ ಅಂದ ಗೂಳ ಬೆವರು ಒರೆಸಿಕೊಂಡು.

ಪುಟ್ಟೀರವ್ವ ಜಗಲಿ ಮೇಲೆ ಕೂತೇ ಇದ್ದಳು, ಮೂಗಿಗೆ ವಾಸನೆ ಬರ್ತಾನೇ ಇತ್ತು. ಕೂತಳು, ಹೊರಳಿದಳು, ಎದ್ದಳು, ಮತ್ತೆ ಕೂತಳು. ಅಷ್ಟು ಹಣ್ಣು, ಅಷ್ಟು ಬೇಳೆ, ಎಲ್ಲ ಹಾಳಾಯ್ತಲ್ಲ ಅಂತ ಗೊಣಗಿದಳು. ಕೊನೆಗೆ ತಡೀಲಿಲ್ಲ. ಹೋಗಿ ಹಂಡೆಗೆ ಒಂದು ಹೆಂಟೆ ಬೆಲ್ಲ ಹಾಕಿ ಸರಿಮಾಡಿಬಿಟ್ಟಳು. ಸಾರು ಸರಿಯಾಯ್ತು, ಕೈ ಬಿತ್ತು. ಹೊರಗೆ ಕೆಮ್ಮು ಕೇಳಿಸಿತು, ಕಾಲೆಳೆಯೋ ಸದ್ದು ಕೇಳಿಸಿತು, ಅದೂ ಹೋಯ್ತು. ಊರೋರೆಲ್ಲ ಚೊಂಬು ತಂದು ಸಾರು ತಗೊಂಡು ಹೋಗಿ, ಉಂಡು, ಹಾಯಾಗಿ ಮಲಗಿದರಂತೆ. ಇವಳು ಮಾತ್ರ ಹಂಡೆ ಉಜ್ಜುತ್ತಾ ಕೂತಿದ್ದಳಂತೆ.

ಆಗ ಪುಟ್ಟೀರವ್ವ ನಿದ್ದೆ ಆಸೇನೇ ಕೈಬಿಟ್ಟಳಂತೆ. ತಪ್ಪು ಮಕ್ಕಳದಲ್ಲ, ನನ್ನ ಕೈಯದ್ದೇ, ಇದು ನನ್ನ ಮಾತು ಕೇಳೋ ಕೈಯಲ್ಲ, ಇನ್ನು ನಿದ್ದೆ ಅನ್ನೋದು ನಂಗಿಲ್ಲ ಅಂತ ಗೋಡೆಗೆ ಒರಗಿ ಕೂತಳಂತೆ. ಅಳಕ್ಕೂ ಅವಳಿಗೆ ಶಕ್ತಿ ಇರಲಿಲ್ಲ. ಮಲಗಿಬಿಟ್ಟೆಯಾ ಮಗ. ಹೂಂ, ಕಣ್ಣು ಮುಚ್ಚಿಕೊಂಡೇ ಕೇಳು.

ಮೂರನೇ ದಿನ ನಿಂಗನ ಸರದಿ. ಅಣ್ಣಂದಿರು ನಕ್ಕರು, ಇವನಿಗೆ ಸೌಟು ಹಿಡಿಯಕ್ಕೂ ಬರಲ್ಲ, ಕುರಿಯೋರ ಅಡುಗೆ ಮಾಡ್ತಾನೆ ನೋಡು ಅಂದರು. ಹೂಂ, ಅದೇ ಮಾಡ್ತೀನಿ ಅಂದನಂತೆ ನಿಂಗ. ಮಧ್ಯಾಹ್ನವೆಲ್ಲ ಬೇವಿನ ಮರದ ಕೆಳಗೆ ಬಿದ್ದಿದ್ದ. ಹೊತ್ತು ಇಳಿಯೋವಾಗ ಎದ್ದು ಹಿತ್ತಲಿಗೆ ಹೋಗಿ, ಬಿಸಿಲಿಗೆ ಇನ್ನೂ ಬೆಚ್ಚಗಿದ್ದ ಹಣ್ಣು ಮಡಿಲಿಗೆ ಕಿತ್ತುಕೊಂಡು ಬಂದ. ಮೂರು ಒಲೇಲಿ ಒಂದನ್ನೇ ಹಚ್ಚಿದ. ಮುದ್ದೆಗೆ ಎಸರಿಟ್ಟ, ಹಿಟ್ಟು ಹಾಕಿದ, ಸೌದೆ ಉರಿದು ಕೆಂಡ ಬಿದ್ದ ಮೇಲೆ ಕೆಂಡದ ಪಕ್ಕ ಹಣ್ಣು ಸಾಲಾಗಿ ಇಟ್ಟ, ಜೊತೆಗೆ ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ. ಸಿಪ್ಪೆ ಕರ್ರಗಾಗಿ ಸಿಡಿದು, ರಸ ಬೂದಿಗೆ ಬಿದ್ದು ಚುಂಯ್ ಅಂತು. ಆ ವಾಸನೆಗೆ ಹೊರಗೆ ಕೂತ ಪುಟ್ಟೀರವ್ವನಿಗೆ ತನ್ನ ತವರಿನ ಕಣ ನೆನಪಾಯ್ತಂತೆ, ಚಿಕ್ಕೋಳಾಗಿದ್ದಾಗ ಯಾರೋ ಸುಟ್ಟ ಹಣ್ಣು ಊದಿ ಊದಿ ಬಾಯಿಗೆ ಇಡ್ತಿದ್ದಿದ್ದು ನೆನಪಾಯ್ತಂತೆ.

ನಿಂಗ ಸಿಪ್ಪೆ ಸುಲಿದ, ತಟ್ಟೇಲಿ ಹಾಕಿ ಮೆಣಸಿನಕಾಯಿ ಬೆಳ್ಳುಳ್ಳಿ ಜೊತೆ ಕೈಯಲ್ಲೇ ಕಿವುಚಿದ. ಆಮೇಲೆ ಕೈ ತೊಳೆದು ಉಪ್ಪಿನ ಮಡಕೆ ಹತ್ತಿರ ಬಂದ. ಕಲ್ಲುಪ್ಪು ತೆಗೆದ. ಹೆಚ್ಚಾಯ್ತೇನೋ ಅಂತ ಅರ್ಧ ವಾಪಸು ಹಾಕಿದ. ಉಳಿದಿದ್ದರಲ್ಲೂ ಎರಡು ಕಲ್ಲು ಬೆರಳಿಗೆ ಅಂಟಿಕೊಂಡೇ ಉಳೀತು.

ಪುಟ್ಟೀರವ್ವ ಬಾಗಿಲಿಂದಲೇ ನೋಡಿದಳು. ಅಷ್ಟು ಹಣ್ಣಿಗೆ ಅಷ್ಟು ಉಪ್ಪು ಎಲ್ಲಿಗೂ ಸಾಲಲ್ಲ. ಅವಳ ಬಲಗೈಲಿ ನವೆ ಎದ್ದ ಹಂಗಾಯ್ತು. ಮೂರು ಬೆರಳು ತಂತಾನೇ ಕೂಡಿಕೊಂಡವು, ಚಿಟಿಕೆಯ ಆಕಾರಕ್ಕೆ. ಎಡಗೈಲಿ ಬಲಗೈ ಮಣಿಕಟ್ಟು ಹಿಡಿದುಕೊಂಡಳು, ಆದರೂ ಕಾಲು ಒಳಗೆ ಹೊರಟೇ ಬಿಟ್ಟಿತು. ಉಪ್ಪು ಸಾಲಲ್ಲ ಕಣೋ ಅಂತ ಅವಳು ಬಾಯಿ ತೆರೆಯೋ ಅಷ್ಟರಲ್ಲಿ ನಿಂಗ ಮಣೆ ಹಾಕಿದ. ಕೂತ್ಕೋ ಅವ್ವ ಅಂದ. ಅವಳನ್ನ ಯಾರೂ ಮೊದಲು ಕೂರಿಸಿದ್ದೇ ಇಲ್ಲವಲ್ಲ, ಏನು ಮಾಡಬೇಕು ಅಂತ ತಿಳೀದೆ ಕೂತುಬಿಟ್ಟಳು. ಹೊಗೆಯಾಡೋ ಮುದ್ದೆ ಮುರಿದು, ಕಿವುಚಿದ ಹಣ್ಣಲ್ಲಿ ಅದ್ದಿ, ಊದಿ, ಅವಳ ಬಲ ಅಂಗೈಗೆ ಇಟ್ಟ. ತುತ್ತು ಕೈಗೆ ಬಂದಮೇಲೆ ಬಾಯಿಗೆ ಹೋಗದೆ ಇನ್ನೆಲ್ಲಿಗೆ ಹೋಗ್ತದೆ. ನುಂಗಿದಳು.

ಆಮೇಲೆ ನೋಡಿದರೆ, ಕೈ ಎಂಜಲು.

ಎಂಜಲು ಕೈ ಉಪ್ಪಿನ ಮಡಕೆ ಮುಟ್ಟೋ ಹಂಗಿಲ್ಲ. ಎದ್ದು ಸರಿಮಾಡೋ ಹಂಗಿಲ್ಲ. ಇಷ್ಟು ವರ್ಷ ಕೊನೆಗೆ ಉಂಡು ಉಂಡು, ಆ ಕೈ ಊಟದ ಹೊತ್ತಲ್ಲಿ ಎಂಜಲಾಗಿದ್ದೇ ಇಲ್ಲ, ಅದಕ್ಕೇ ಅದು ಯಾವಾಗಲೂ ಪಾತ್ರೆ ಮೇಲೇ ಇರ್ತಿತ್ತು. ನಿಂಗ ಅದನ್ನ ಗೊತ್ತಿದ್ದು ಮಾಡಿದನೋ, ದಾರೀಲಿ ದಣಿದೋರನ್ನ ಕಂಡು ಕಂಡು ಮಾತಿಗಿಂತ ಮೊದಲು ತುತ್ತು ಕೊಡೋ ರೂಢಿ ಆಗಿತ್ತೋ, ಯಾರಿಗೆ ಗೊತ್ತು. ಕೇಳಿದರೆ ಅವನು ಹೇಳೋನೂ ಅಲ್ಲ.

ಕೆಂಚ ಒಂದು ತುತ್ತು ತಿಂದು, ಉಪ್ಪು ಕಮ್ಮಿ ಅಂದ. ಗೂಳ, ಕಮ್ಮಿ ಅಲ್ಲ ಇಲ್ಲವೇ ಇಲ್ಲ, ಅವ್ವಾ ಉಪ್ಪು ಅಂದ. ಪುಟ್ಟೀರವ್ವ ತನ್ನ ಕೈ ಎತ್ತಿ ತೋರಿಸಿದಳು. ಮುದ್ದೆ ಅಂಟಿತ್ತು, ಬೆರಳ ತುದಿಯೆಲ್ಲ ಕೆಂಪಗಿತ್ತು. ಬೇಕಾದರೆ ಎದ್ದು ಕೈ ತೊಳೆದುಕೊಂಡು ನೀವೇ ಹಾಕ್ಕೊಳ್ರಪ್ಪ, ನಾನು ಉಣ್ತಾ ಇದೀನಿ ಅಂದಳಂತೆ. ಆ ಮಾತು ಬಾಯಿಂದ ಬಂದ ಮೇಲೆ ಹಂಗಂದವಳು ತಾನೇನಾ ಅಂತ ಅವಳಿಗೇ ಅನುಮಾನ ಬಂತಂತೆ. ಇಬ್ಬರೂ ಎದ್ದರು, ಕೈ ತೊಳೆದರು, ಹುಟ್ಟಿದ ಮೇಲೆ ಮೊದಲ ಸಲ ಮಡಕೆಯಿಂದ ಉಪ್ಪು ತೆಗೆದು ತಮ್ಮ ತಮ್ಮ ತಟ್ಟೆಗೆ ತಾವೇ ಹಾಕ್ಕೊಂಡರು. ಸೂರೇನೂ ಬೀಳಲಿಲ್ಲ. ಪುಟ್ಟೀರವ್ವ ತನ್ನ ಪಾಲಿಗೆ ಉಪ್ಪು ಕೇಳಲಿಲ್ಲ. ಸಪ್ಪೆಯಾಗಿತ್ತು, ಮುದ್ದೇಲಿ ಗಂಟಿತ್ತು, ಹಣ್ಣಲ್ಲಿ ಚೂರು ಬೂದಿಯೂ ಇತ್ತು. ಆದರೆ ಬಿಸಿಯಾಗಿತ್ತು. ಗಂಟಲಿಂದ ಹೊಟ್ಟೆ ತನಕ ಬಿಸಿ ಇಳಿಯೋದು ಅವಳಿಗೆ ತಿಳೀತಿತ್ತು. ಉಂಡಳು, ಕೂತೇ ಉಂಡಳು, ತಟ್ಟೆ ಬಳಿದು ಉಂಡಳು.

ತಟ್ಟೆ ಮುಂದೆ ಒಂದು ನೆರಳು ಬಿತ್ತು. ನಿದ್ದವ್ವ ಬಂದು ಹೊಸಲಲ್ಲಿ ನಿಂತಿದ್ದಳು. ಆಯ್ತೇನವ್ವ ಅಂದಳು. ಆಯ್ತವ್ವ ಅಂದಳು ಪುಟ್ಟೀರವ್ವ. ಪಾತ್ರೆ ನಾಳೆ ಉಜ್ಜಿದರಾಯ್ತು. ಆಮೇಲೆ ಪುಟ್ಟೀರವ್ವನೇ ಮುದುಕಿಯ ಮುಖ ನೋಡಿ, ನೀನು ಉಂಡೆಯೇನವ್ವ ಅಂತ ಕೇಳಿದಳು. ನಿದ್ದವ್ವನನ್ನ ಅವತ್ತಿನ ತನಕ ಯಾರೂ ಹಂಗೆ ಕೇಳಿರಲಿಲ್ಲವಂತೆ. ಎಲ್ಲರೂ ಅವಳನ್ನ ಬಾ ಅಂತ ಕರೆದು, ಕಂಬಳಿ ಎಳೆದುಕೊಂಡು ಮಲಗೋರೇ. ನಿಂಗ ಇನ್ನೊಂದು ಮಣೆ ಹಾಕಿದ. ನಿದ್ದವ್ವ ಕೂತಳು, ಉಪ್ಪು ಕಮ್ಮಿ ಅನ್ನದೆ ಉಂಡಳು, ಉಂಡವಳಿಗೆ ಕಣ್ಣು ಎಳೀತು. ಒಂದೇ ಒಂದು ಗಳಿಗೆ ಒರಗ್ತೀನಿ ಅಂದು, ಜಗಲಿ ಮೇಲೆ ಪುಟ್ಟೀರವ್ವನ ಪಕ್ಕದಲ್ಲೇ ಕಾಲು ಚಾಚಿ, ಇಬ್ಬರ ಮೇಲೂ ಕಂಬಳಿ ಎಳೆದುಕೊಂಡುಬಿಟ್ಟಳು.

ಅವತ್ತು ಊರಲ್ಲಿ ಒಬ್ಬರಿಗೂ ನಿದ್ದೆ ಬರಲಿಲ್ಲವಂತೆ. ಗೌಡರು ಜಗಲಿ ಮೇಲೆ ಹೊರಳಾಡಿದರು, ಕೂಸುಗಳು ತೊಟ್ಟಿಲಲ್ಲಿ ಎದ್ದು ಕೂತವು, ನಾಯಿಗಳು ಒಂದರ ಮುಖ ಒಂದು ನೋಡಿಕೊಂಡು ಕೂತವು. ಕೆಂಚ, ಗೂಳ ಇಬ್ಬರೂ ಎಚ್ಚರವಾಗೇ ಇದ್ದರಲ್ಲ, ಮಾಡಕ್ಕೆ ಬೇರೆ ಕೆಲಸ ಇಲ್ಲದೆ ಪಾತ್ರೆ ಉಜ್ಜಿಬಿಟ್ಟರಂತೆ. ಪುಟ್ಟೀರವ್ವ ಎದ್ದಾಗ ಬಿಸಿಲು ಕಾಲ ಹತ್ತಿರ ಬಂದಿತ್ತು. ಊರೆಲ್ಲ ಆಕಳಿಸುತ್ತಿತ್ತು, ಅವಳೊಬ್ಬಳು ಮಾತ್ರ ಆಕಳಿಸಲಿಲ್ಲ.

ಆಮೇಲೆ ಆ ಮನೇಲಿ ಒಂದೇ ಒಲೆ ಉಳೀತಂತೆ. ಉಪ್ಪಿನ ಮಡಕೆ ಮೂವರ ಕೈಗೂ ಬಂತು. ಒಂದು ದಿನ ಹೆಚ್ಚಾಗೋದು, ಒಂದು ದಿನ ಕಮ್ಮಿ ಆಗೋದು, ಪುಟ್ಟೀರವ್ವ ಮೊದಲು ಕೂತು ಬಿಸಿಬಿಸಿ ಉಂಡು ಏನೂ ಅನ್ನದೆ ಎದ್ದು ಹೋಗೋಳು. ಉಂಡು ಉಂಡು ಕೆಂಚನ ನಾಲಿಗೆ, ಗೂಳನ ನಾಲಿಗೆ ಎಂಥ ಉಪ್ಪಿಗೂ ಪಳಗಿದವು. ಆ ಮೇಲೆ ಹೆಣ್ಣು ನೋಡಕ್ಕೆ ಹೋದಾಗ ಸಾರು ನೋಡೋದು ಬಿಟ್ಟು ಹೆಣ್ಣಿನ ಮುಖ ನೋಡಿದರು, ಮದುವೆಯೂ ಆಯ್ತು. ನಿಂಗ ಮತ್ತೆ ಊರೂರು ತಿರುಗಕ್ಕೆ ಹೋದ, ಆದರೆ ಹಣ್ಣಿನ ಕಾಲಕ್ಕೆ ತಪ್ಪದೆ ಬರೋನು.

ಆ ಕಾಲ ಬಂದಾಗ ನಿದ್ದವ್ವ ಈಗಲೂ ಮೊದಲು ಅಲ್ಲಿಗೇ ಹೋಗ್ತಾಳಂತೆ, ಸುಟ್ಟ ಹಣ್ಣಿನ ಗೊಜ್ಜಲ್ಲಿ ಒಂದು ತುತ್ತು ಉಂಡೇ ಹೊರಡೋದು. ಅದಕ್ಕೇ ಮಗ, ಒಂದೊಂದು ದಿನ ನಿನ್ನ ಹತ್ತಿರ ಬರೋದು ತಡವಾಗ್ತದೆ. ಈಗ ಉಂಡಿದಾಳೆ, ಕೈ ತೊಳೆದಿದಾಳೆ, ಕೆರೆ ಏರಿ ದಾಟಿದಾಳೆ. ಕಂಬಳಿ ಅಂಚು ಕಾಲ ಮೇಲೆ ಬಿತ್ತಾ ನೋಡು. ಅಜ್ಜಿ ಮೇಲೂ ಒಂದು ಚೂರು ಎಳಿ. ಒಲೇಲಿ ಕೆಂಡ ಬೂದಿಯಾಯ್ತು, ಕತೆಯೂ ಅಲ್ಲಿಗೇ ಮುಗೀತು.